ತಲೆಗೆ ಏನು ಹಚ್ಚಲಿ?



ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಕೂಲಿ ಕೆಲಸ ಮಾಡುತ್ತಾರೆ. ಯಾವಾಗಲೂ ತಲೆ ಮೇಲೆ ಸೆರಗು. ಒಂದು ದಿನ ಕೇಳಿದೆ.

"ಇಷ್ಟು ಸೆಕೆ ಇದೆ. ಸೆರಗು ತೆಗೀಬಾರದಾ ಅಕ್ಕಾ?"

"ಕೂದಲು ನೋಡಿ ನಗ್ತಾರೆ ಮೇಡಮ್. ತೆಂಗಿನ ನಾರಿನ ಹಂಗೆ ಆಗೈತೆ."

ಮರುದಿನ ಅವರು ಒಂದು ಶಾಂಪೂ ಬಾಟಲಿ ತಂದರು. ಕೂಲಿ ದುಡ್ಡು ಉಳಿಸಿ ಕೊಂಡದ್ದು. ಬೆಲೆ 180 ರೂಪಾಯಿ. ಮೇಲೆ ಹಸಿರು ಎಲೆಯ ಚಿತ್ರ.

"ಎಲೆ ಐತಲ್ಲ, ಗಿಡಮೂಲಿಕೇದೇ ಅಲ್ವಾ?"

"ಎಲೆ ಇರಲಿ. ಅಂಕಿ ಓದಿ" ಅಂದೆ.

ಅಕ್ಕ ಬೆರಳಿಟ್ಟು ಓದಿದರು. ಬಳಸಬೇಕಾದ ಕೊನೆಯ ತಿಂಗಳು ಮುಗಿದು ನಾಲ್ಕು ತಿಂಗಳಾಗಿತ್ತು! ಬಾಟಲಿ ಹಿಡಿದು ಅಂಗಡಿಗೆ ಹೋದರು. "ಏನೂ ಆಗಲ್ಲ ಬಿಡಮ್ಮ" ಅಂದರಂತೆ ಅಂಗಡಿಯವರು. ಅಕ್ಕ ಎಲ್ಲರ ಮುಂದೆ ಗಟ್ಟಿಯಾಗಿ ತಿಂಗಳು ಓದಿದರು. ದುಡ್ಡು ವಾಪಸ್ ಬಂತು.

ಸರಿ, ಈಗ ತಲೆಗೆ ಏನು ಹಚ್ಚುವುದು?

ಮೊದಲು ಕೂದಲು ಯಾಕೆ ಕೆದರುತ್ತದೆ ತಿಳಿಯೋಣ. ಹೆಂಚಿನ ಮನೆ ನೋಡಿದ್ದೀರಿ. ಕೂದಲಿನ ಮೇಲೂ ಕಣ್ಣಿಗೆ ಕಾಣದ ಹೆಂಚುಗಳಿವೆ. ಅವು ಒಂದರ ಮೇಲೊಂದು ಸರಿಯಾಗಿ ಕೂತಿದ್ದರೆ ಕೂದಲು ನುಣುಪು. ಎದ್ದರೆ ಒರಟು, ಸಿಕ್ಕು. ನಮ್ಮ ಅಕ್ಕ ಬಹಳ ವರ್ಷ ಬಟ್ಟೆ ಸೋಪಿನಲ್ಲೇ ತಲೆ ತೊಳೆದಿದ್ದರು. ಸೋಪಿಗೆ ಚೌಳಿನ ಗುಣ ಇದೆ. ಅದು ಹೆಂಚನ್ನು ಎಬ್ಬಿಸುತ್ತದೆ. ಬೋರ್‌ವೆಲ್‌ನ ಗಡಸು ನೀರು ಸೇರಿದರೆ ಬಿಳಿ ಜಿಡ್ಡು ಕೂದಲಿಗೆ ಅಂಟುತ್ತದೆ.

ಹುಟ್ಟಿನಿಂದಲೇ ಗುಂಗುರು ಕೂದಲಿದೆಯಾ? ಅದು ದೋಷವಲ್ಲ. ಅಂಥ ಕೂದಲು ಬೇಗ ಒಣಗುತ್ತದೆ, ಅಷ್ಟೆ.

ಸೀಗೆಕಾಯಿಗೆ ಚೌಳಿಲ್ಲ, ಸ್ವಲ್ಪ ಹುಳಿ ಇದೆ. ಅರ್ಧ ಕಿಲೋ ಸೀಗೆಕಾಯಿ ತನ್ನಿ. ಬೀಜ ತೆಗೆಯಿರಿ. ಮೆಂತ್ಯ 100 ಗ್ರಾಂ, ಹೆಸರುಕಾಳು 100 ಗ್ರಾಂ ಸೇರಿಸಿ ಚೆನ್ನಾಗಿ ಒಣಗಿಸಿ. ಮಿಲ್ಲಿನಲ್ಲಿ ಪುಡಿ ಮಾಡಿಸಿ. ಮೆಣಸಿನಕಾಯಿ ಬೀಸಿದ ಮಿಲ್ಲು ಬೇಡ, ನೆತ್ತಿ ಉರಿದೀತು! ಪುಡಿಯನ್ನು ತೇವ ತಾಗದ ಡಬ್ಬಿಯಲ್ಲಿಡಿ.

ಎರೆದುಕೊಳ್ಳುವ ಮೊದಲು ಎಣ್ಣೆ ಹಚ್ಚಿ. ಪುಡಿಯನ್ನು ಅನ್ನದ ಗಂಜಿಯಲ್ಲಿ ಕಲಸಿ ತಿಕ್ಕಿ. ಕಣ್ಣಿಗೆ ಬಿದ್ದರೆ ತಣ್ಣೀರಲ್ಲಿ ತೊಳೆಯಿರಿ. ನೊರೆ ಕಡಿಮೆ ಬರುತ್ತದೆ. ಬರಲಿ ಬಿಡಿ, ನೊರೆಯೇ ಕೊಳೆ ತೆಗೆಯುವುದಲ್ಲ. ಅಂಟುವಾಳ ಹಾಕಿದರೆ ನೊರೆ ಜಾಸ್ತಿ. ಆದರೆ ಒಣಕೂದಲಿಗೆ ಅದು ಬೇಡ ಎಂದೇ ನನ್ನ ಮಾತು. ಇರುವ ಜಿಡ್ಡನ್ನೆಲ್ಲ ಎಳೆದುಬಿಡುತ್ತದೆ.

ಪೇಟೆಯಲ್ಲಿ ಕಂಡೀಷನರ್ ಅಂತ ಮಾರುತ್ತಾರೆ. ಎದ್ದ ಹೆಂಚಿನ ಮೇಲೆ ನುಣುಪು ಹಚ್ಚುವುದೇ ಅದರ ಕೆಲಸ. ದಾಸವಾಳದ ಎಲೆಯ ಲೋಳೆಯೂ ಇದೇ ಕೆಲಸ ಮಾಡುತ್ತದೆ. ಒಂದು ಹಿಡಿ ಎಲೆಯನ್ನು ನೀರಿನಲ್ಲಿ ಕಿವುಚಿ, ಸೋಸಿ. ತಲೆ ತೊಳೆದ ಮೇಲೆ ಕೂದಲಿಗೆ ಹಚ್ಚಿ. ಐದು ನಿಮಿಷ ಬಿಟ್ಟು ತೊಳೆಯಿರಿ. ಹಳೆಯ ಹತ್ತಿ ಸೀರೆಯಲ್ಲಿ ಒತ್ತಿ ಒರೆಸಿ. ಉಜ್ಜಬೇಡಿ.

ಸೊಪ್ಪು, ಕಾಯಿ ಕೂಡ ಕೆಲವರಿಗೆ ಆಗುವುದಿಲ್ಲ. ಮೊದಲು ಕಿವಿಯ ಹಿಂದೆ ಹಚ್ಚಿ ಒಂದು ದಿನ ನೋಡಿ. ತುರಿಕೆ ಬಂದರೆ ಬಿಡಿ.

ಪುಡಿ ಮಾಡಲು ಪುರುಸೊತ್ತಿಲ್ಲವೇ? ಶಾಂಪೂ ಕೊಳ್ಳಿ, ತಪ್ಪಿಲ್ಲ. (ಶಾಂಪೂ ಎಂಬ ಮಾತು ಹಿಂದಿಯ 'ಚಾಂಪೋ'ದಿಂದ ಇಂಗ್ಲಿಷಿಗೆ ಹೋಗಿ ಬಂದದ್ದು. ಚಾಂಪೋ ಅಂದರೆ ಒತ್ತು.) ಆದರೆ ಬಾಟಲಿಯ ಹಿಂದೆ ನೋಡಿ. ಅಲ್ಲಿ ಏನೇನು ಹಾಕಿದ್ದಾರೆ ಎಂಬ ಪಟ್ಟಿ ಇರುತ್ತದೆ. ಹೆಚ್ಚು ಹಾಕಿದ್ದು ಮೊದಲು, ಕಡಿಮೆ ಹಾಕಿದ್ದು ಕೊನೆಗೆ. ಮುಂದೆ ದಪ್ಪಕ್ಷರದಲ್ಲಿ ಸೀಗೆ, ಹಿಂದೆ ಪಟ್ಟಿಯ ಕೊನೆಯಲ್ಲಿ ಸೀಗೆ ಇದ್ದರೆ? ಹಾಕಿದ್ದು ಚೂರೇ ಚೂರು. ಪಟ್ಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಸೀಗೆಯನ್ನು 'ಅಕೇಶಿಯ ಕಾನ್ಸಿನ್ನ' ಎಂದೂ ಬರೆದಿರುತ್ತಾರೆ. ಅದನ್ನು ಮಕ್ಕಳಿಂದ ಓದಿಸಿ. ಬೆಲೆ, ತಿಂಗಳು ಮಾತ್ರ ನೀವೇ ಓದಿ.

ಎರಡು ತಿಂಗಳಾಯಿತು. ನಮ್ಮ ಅಕ್ಕನ ಕೂದಲು ರೇಷ್ಮೆಯೇನೂ ಆಗಿಲ್ಲ. ಸಿಕ್ಕು ಕಡಿಮೆಯಾಗಿದೆ. ಮೊನ್ನೆ ತರಗತಿಯಲ್ಲಿ ಸೆರಗು ಹೆಗಲ ಮೇಲಿತ್ತು.

ಓದಿ, ಬರೆಯಿರಿ:
ಮನೆಯಲ್ಲಿರುವ ಒಂದು ಬಾಟಲಿ ಅಥವಾ ಪೊಟ್ಟಣ ತನ್ನಿ.
ಅದರ ಬೆಲೆ ಎಷ್ಟು? ............
ಬಳಸಬೇಕಾದ ಕೊನೆಯ ತಿಂಗಳು ಯಾವುದು? ............