ಮೊದಲ ಗುಂಡಿಗೂ ಮುನ್ನ: ದಂಡನಾಯಕರು ಕಲಿಸುವ ಐದು ಸೂತ್ರಗಳು

ಯುದ್ಧವೆಂದರೆ ಎದೆಗಾರಿಕೆಯ ಆಟ ಎಂದುಕೊಳ್ಳುತ್ತೇವೆ. ಆದರೆ ದೊಡ್ಡ ಕದನಗಳ ಚರಿತ್ರೆ ಓದಿದರೆ, ದಂಡನಾಯಕನ ತಯಾರಿಯೇ ಬಹಳಷ್ಟು ಸಲ ಸೋಲು-ಗೆಲುವನ್ನು ಮೊದಲೇ ತೀರ್ಮಾನಿಸಿರುವುದು ಕಾಣುತ್ತದೆ. ನಿಮ್ಮ ಕೈಕೆಳಗೆ ಹತ್ತೇ ಜನ ಇದ್ದರೂ ಈ ಪಾಠಗಳು ಬೇಕು.

1. ಸಿದ್ಧವಾಗಿಲ್ಲದಿದ್ದರೆ ಬಾಯಿಬಿಟ್ಟು ಹೇಳಿ.
1971ರ ಏಪ್ರಿಲ್‌ನಲ್ಲಿ ಪೂರ್ವ ಪಾಕಿಸ್ತಾನಕ್ಕೆ ಕೂಡಲೇ ಸೇನೆ ನುಗ್ಗಿಸುವ ಮಾತು ಬಂದಾಗ ಭೂಸೇನೆಯ ಮುಖ್ಯಸ್ಥ ಜನರಲ್ ಮಾಣೆಕ್‌ಷಾ ಪ್ರಧಾನಿಯ ಎದುರೇ ಒಪ್ಪಲಿಲ್ಲ. ಮಳೆಗಾಲದಲ್ಲಿ ಬಂಗಾಳದ ನದಿಗಳು ದಾಟಲು ಬಿಡವು. ಚಳಿಗಾಲಕ್ಕೆ ಹಿಮಾಲಯದ ಕಣಿವೆಗಳು ಮುಚ್ಚಿದರೆ ಚೀನಾದ ಭಯವೂ ತಗ್ಗುತ್ತದೆ ಎಂದು ವಿವರಿಸಿ ಸಮಯ ಕೇಳಿದರು. ಡಿಸೆಂಬರ್ 3ರಂದು ಶುರುವಾದ ಯುದ್ಧ 16ಕ್ಕೆ ಢಾಕಾದಲ್ಲಿ ಮುಗಿಯಿತು. ಆಗದು ಎನ್ನುವಾಗ, ಯಾವಾಗ ಆಗುತ್ತದೆ ಎಂಬುದನ್ನೂ ಜೊತೆಗೇ ಹೇಳಿ.

2. ಹೊಟ್ಟೆಯ ಲೆಕ್ಕ ಮೊದಲು.
1761ರ ಪಾಣಿಪತ್‌ನಲ್ಲಿ ಮರಾಠಾ ಪಾಳೆಯದ ತುಂಬ ಯಾತ್ರಿಕರು, ಕುಟುಂಬಗಳು. ಎದುರಾಳಿ ಅಫ್ಘಾನ್ ದೊರೆ ಅಬ್ದಾಲಿ ದವಸ ಬರುವ ದಾರಿ ಕಡಿದ. ಜನವರಿ 14ರಂದು ಸದಾಶಿವರಾವ್ ಭಾವೂನ ಸೈನಿಕರು ಕಾದಾಡಲು ಹೊರಟದ್ದು ಹಸಿದ ಹೊಟ್ಟೆಯಲ್ಲಿ.

3. ನೀವಿಲ್ಲದಾಗಲೂ ಕೆಲಸ ನಡೆಯಲಿ.
1565ರ ತಾಳಿಕೋಟೆ ಕದನದಲ್ಲಿ ರಾಮರಾಯ ಸೆರೆಸಿಕ್ಕು ತಲೆ ಕಳೆದುಕೊಂಡ. ಅಷ್ಟೇ, ವಿಜಯನಗರದ ಬೃಹತ್ ಸೇನೆ ಚೆಲ್ಲಾಪಿಲ್ಲಿಯಾಯಿತು. ರಾಜಧಾನಿಯನ್ನು ಕಾಯಲೂ ಯಾರೂ ನಿಲ್ಲಲಿಲ್ಲ. ಹಂಪಿಯ ಹಾಳು ಬೀದಿಗಳಲ್ಲಿ ನಡೆದವರಿಗೆ ಈ ಪಾಠದ ಬೆಲೆ ಬಿಡಿಸಿ ಹೇಳಬೇಕಿಲ್ಲ.
ಇದಕ್ಕೆ ಎದುರಾಗಿ 1805ರ ಟ್ರಫಾಲ್ಗರ್ ನೌಕಾಕದನ ನೋಡಿ. ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್‌ಗೂ ಕದನದ ನಡುವೆಯೇ ಗುಂಡು ಬಿತ್ತು, ಸಂಜೆಯೊಳಗೆ ಪ್ರಾಣ ಹೋಯಿತು. ಆದರೆ ಆತ ಕ್ಯಾಪ್ಟನ್‌ಗಳನ್ನು ಊಟಕ್ಕೆ ಕರೆದು, ತನ್ನ ಯೋಜನೆಯನ್ನು ದಿನಗಳ ಮೊದಲೇ ಮನದಟ್ಟು ಮಾಡಿಸಿದ್ದ. ಬ್ರಿಟಿಷರು ಒಂದು ಹಡಗನ್ನೂ ಕಳೆದುಕೊಳ್ಳದೆ ಗೆದ್ದರು.

4. ಆದೇಶ ಕೊಟ್ಟು ಮರೆಯಬೇಡಿ, ಹೋಗಿ ನೋಡಿ.
ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯ ನಮ್ಮ ಸೈನಿಕರನ್ನು ಜಪಾನಿನ ಗುಂಡಿಗಿಂತ ಮಲೇರಿಯಾ ಹೆಚ್ಚು ಕೆಡವುತ್ತಿತ್ತು. ಮಾತ್ರೆ ಇತ್ತು, ನುಂಗುವವರು ಕಡಿಮೆ. ಜನರಲ್ ಸ್ಲಿಮ್ ಮುನ್ಸೂಚನೆಯಿಲ್ಲದೆ ಇಡೀ ತುಕಡಿಗಳನ್ನೇ ತಪಾಸಣೆ ಮಾಡಿಸಿದರು. ಶೇ 95ಕ್ಕಿಂತ ಕಡಿಮೆ ಜನ ಮಾತ್ರೆ ತೆಗೆದುಕೊಂಡಿದ್ದರೆ ಶಿಕ್ಷೆ ಸೈನಿಕನಿಗಲ್ಲ, ಅವರ ಕಮಾಂಡಿಂಗ್ ಆಫೀಸರ್‌ಗೆ: ಹುದ್ದೆಯಿಂದ ಇಳಿಸಿದರು. ಮೂವರು ಹೋಗುವಷ್ಟರಲ್ಲಿ ಉಳಿದವರಿಗೆ ಅರ್ಥವಾಗಿತ್ತು. 1944ರಲ್ಲಿ ಇಂಫಾಲ, ಕೊಹಿಮಾಗಳಲ್ಲಿ ಜಪಾನೀಯರನ್ನು ಮುರಿದದ್ದು, ಅದಕ್ಕೂ ಮೊದಲು ಬರ್ಮಾದಲ್ಲಿ ಸೋತಿದ್ದ ಇದೇ ಸೇನೆ. ಸೋತ ಪಡೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದಕ್ಕಿಂತ ಕಷ್ಟದ ಕೆಲಸ ನಾಯಕತ್ವದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

5. ಅಸಾಧ್ಯವೆನಿಸಿದ್ದನ್ನು ಬಿಡಿಬಿಡಿಯಾಗಿ ಸಾಧ್ಯ ಮಾಡಿ.
1948ರ ಶರತ್ಕಾಲ. ಸುಮಾರು 11,500 ಅಡಿ ಎತ್ತರದ ಕಾಶ್ಮೀರದ ಝೋಜಿಲಾ ಕಣಿವೆ ಪಾಕಿಸ್ತಾನಿ ಪಡೆಗಳ ವಶದಲ್ಲಿತ್ತು. ಬಂಡೆಗಳ ಸಂದಿಯಲ್ಲಿ ಮೆಷಿನ್‌ಗನ್‌ಗಳು. ಕಾಲಾಳುಗಳ ದಾಳಿ ವಿಫಲವಾಗಿತ್ತು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ ಅದನ್ನೇ ತರಲು ನಿರ್ಧರಿಸಿದರು. ಸೇತುವೆಗಳು ಭಾರ ತಾಳುವುದಿಲ್ಲವೇ? ಸ್ಟುವರ್ಟ್ ಟ್ಯಾಂಕ್‌ಗಳ ಗೋಪುರ ಬಿಚ್ಚಿ ಬೇರೆಯಾಗಿ ಸಾಗಿಸಿದರು. ದಾರಿಯಿಲ್ಲವೇ? ಬೆಂಗಳೂರೇ ನೆಲೆಯಾದ ಮದ್ರಾಸ್ ಸ್ಯಾಪರ್ಸ್‌ನವರು ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆಯ ಹಾದಿಯನ್ನೇ ಕಡಿದು ಅಗಲ ಮಾಡಿದರು. ನವೆಂಬರ್ 1ರಂದು ಟ್ಯಾಂಕ್‌ಗಳು ಕಣಿವೆ ಹತ್ತಿದವು. ಡಿವಿಷನ್ ಕಮಾಂಡರ್ ತಿಮ್ಮಯ್ಯ ಹಿಂದಿನ ಶಿಬಿರದಲ್ಲಿ ಕೂತು ವರದಿ ಕಾಯಲಿಲ್ಲ. ಮುಂಚೂಣಿಯ ಟ್ಯಾಂಕ್‌ನಲ್ಲೇ ಇದ್ದರು. ಕಣಿವೆ ಅಂದೇ ಕೈವಶವಾಯಿತು. ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಸಿಕ್ಕಿ, ಲೇಹ್‌ಗೆ ದಾರಿ ತೆರೆಯಿತು.