ಸಹಿ ಹಾಕಿದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ

ದೇವದುರ್ಗದಲ್ಲಿ ಹತ್ತಿ ಬೀಜ ಕೊಳ್ಳುವವರು, ಮಾನ್ವಿಯಲ್ಲಿ ಟ್ರ್ಯಾಕ್ಟರ್ ಸಾಲ ತೆಗೆಯುವವರು ಸಹಿ ಮಾಡುವ ಕಾಗದಗಳನ್ನು ಓದುತ್ತಾ ಬಂದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಕಂಪನಿಗೂ ಗ್ರಾಹಕನಿಗೂ ನಡುವಿನ ತಕರಾರನ್ನು ಆರ್ಬಿಟ್ರೇಷನ್‌ಗೆ (ಕೋರ್ಟಿನ ಹೊರಗೆ ಮಧ್ಯಸ್ಥರ ತೀರ್ಪಿಗೆ) ಒಯ್ಯುವುದಾದರೆ, ತಕರಾರು ಹುಟ್ಟಿದ ಮೇಲೆ ಗ್ರಾಹಕನೇ ತಿಳಿದು ಒಪ್ಪಿರಬೇಕು. ಸಾಲದ ಕರಾರುಗಳಲ್ಲಿ ಆರ್ಬಿಟ್ರೇಷನ್ನಿಗೇ ಹೋಗಬೇಕೆಂಬ ಷರತ್ತು ಇರುವುದು ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿ, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ. ವಿಚಾರಣೆಯ ಜಾಗ ಚೆನ್ನೈಯೋ ಮುಂಬೈಯೋ ಆಗಿರುತ್ತದೆ. ಆ ಎರಡು ಊರುಗಳ ರೈಲು ಮಾರ್ಗದಲ್ಲೇ ರಾಯಚೂರು ಇದೆ, ನಿಜ. ಆದರೆ ಕಂತಿನ ಲೆಕ್ಕದಲ್ಲಿ ಹೆಚ್ಚಾದ ಐದು ಸಾವಿರ ಕೇಳಲು ರೈಲು ಹತ್ತಿ, ಅಲ್ಲಿ ವಕೀಲರನ್ನು ಹಿಡಿದು, ಆರ್ಬಿಟ್ರೇಟರ್ ಫೀಸಿನಲ್ಲೂ ಪಾಲು ಕೊಡುವ ಶಕ್ತಿ ಯಾರಿಗಿದೆ?

ಈ ಷರತ್ತಿನಿಂದ ಗ್ರಾಹಕ ಆಯೋಗದ ದಾರಿ ಬಂದ್ ಆಗುತ್ತದೆ ಎಂಬ ಭಯವೇ ಬಹಳ ಜನರನ್ನು ಸುಮ್ಮನಾಗಿಸಿದೆ. ಆ ಭಯಕ್ಕೆ ಆಧಾರವಿಲ್ಲ. ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ಆಂಧ್ರದ ರೈತರು ನಡೆಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಇದನ್ನು ಬಿಡಿಸಿ ಹೇಳಿತು. ಕರಾರಿನಲ್ಲಿ ಆರ್ಬಿಟ್ರೇಷನ್ ಇದ್ದರೂ ಬೀಜ ಕೊಂಡ ರೈತ ಗ್ರಾಹಕನೇ, ಅವನು ಗ್ರಾಹಕ ವೇದಿಕೆಗೆ ಹೋಗಬಹುದು. ಬೀಜದ ಸ್ಯಾಂಪಲ್ ಲ್ಯಾಬಿಗೆ ಕಳಿಸಿಲ್ಲ ಎಂಬ ನಿಗಮದ ವಾದವೂ ಅಲ್ಲಿ ನಿಲ್ಲಲಿಲ್ಲ. ಬಿತ್ತುವವನು ತಂದ ಬೀಜವನ್ನೆಲ್ಲ ಬಿತ್ತುತ್ತಾನೆ, ಕೋರ್ಟಿಗೆಂದು ಹಿಡಿಯಷ್ಟು ಎತ್ತಿಡುವುದಿಲ್ಲ ಎಂಬುದನ್ನು ನ್ಯಾಯಾಲಯ ಅರಿತಿತ್ತು. ಒಕ್ಕಲುತನ ಕಂಡವರಿಗೆ ಈ ಮಾತಿನ ಬೆಲೆ ಗೊತ್ತು. 2018ರಲ್ಲಿ ಎಮಾರ್ ಎಂಜಿಎಫ್ ಎಂಬ ಕಟ್ಟಡ ಕಂಪನಿಯ ಪ್ರಕರಣದಲ್ಲೂ ಅದೇ ನಿಲುವು ಉಳಿಯಿತು. ಆದರೆ 2012ರ ತೀರ್ಪಿನಲ್ಲೇ ಒಂದು ಎಚ್ಚರಿಕೆಯೂ ಇದೆ: ರೈತ ತಾನಾಗಿ ಮೊದಲು ಆರ್ಬಿಟ್ರೇಷನ್ ಆರಿಸಿಕೊಂಡರೆ, ಆಮೇಲೆ ಗ್ರಾಹಕ ದೂರಿಗೆ ಅಡ್ಡಿಯಾಗಬಹುದು.

ಓದಿ ಸಹಿ ಹಾಕಿದ ಮೇಲೆ ಮಾತು ಮಾತೇ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಚೌಕಾಶಿಗೆ ಜಾಗವೇ ಇಲ್ಲದ ಅಚ್ಚಿನ ಕಾಗದಕ್ಕೆ ಆ ನ್ಯಾಯ ಹೊಂದದು. ಗಂಜಿನ ಇಬ್ಬರು ವ್ಯಾಪಾರಿಗಳು ಹತ್ತಿಯ ದರದ ಬಗ್ಗೆ ಒಬ್ಬ ಹಿರಿಯರನ್ನು ಒಪ್ಪಿಕೊಂಡರೆ ಅದು ಸಮಬಲದವರ ಒಪ್ಪಂದ. ಆಯೋಗದಲ್ಲಿ ತಡವಾಗುತ್ತದೆ ಎಂಬ ಆಕ್ಷೇಪಕ್ಕೆ ಮಾತ್ರ ನಿಜವಾದ ತೂಕವಿದೆ. ಲ್ಯಾಬ್ ಪರೀಕ್ಷೆ ಬೇಡದ ದೂರನ್ನು ಮೂರು ತಿಂಗಳಲ್ಲಿ, ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು 2019ರ ಗ್ರಾಹಕ ರಕ್ಷಣಾ ಕಾಯ್ದೆ ಹೇಳಿದರೂ ಪ್ರಕರಣಗಳು ವರ್ಷಗಟ್ಟಲೆ ಎಳೆಯುತ್ತವೆ. ಆದರೂ ಅದೇ ಕಾಯ್ದೆ ಗ್ರಾಹಕ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಬಿಡುತ್ತದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಇಬ್ಬರೂ ಒಪ್ಪಿದರೆ ಆಯೋಗವೇ ರಾಜಿ ಸಂಧಾನಕ್ಕೆ ಕಳಿಸುತ್ತದೆ. ಬೇಗ ಮುಗಿಯಬೇಕೆನ್ನುವವರು ಮೊದಲು ಕೇಳಬೇಕಾದದ್ದು ಇದನ್ನೇ.

ಸಾಲ ವಸೂಲಿಗೆ ಕಂಪನಿಯೇ ಆರ್ಬಿಟ್ರೇಷನ್ ನೋಟಿಸ್ ಕಳಿಸಿದಾಗ ಮಾತು ಬೇರೆ. ಸುಮ್ಮನೆ ಕುಳಿತರೆ ಏಕಪಕ್ಷೀಯ ಆದೇಶ ಬಂದು, ಕೋರ್ಟಿನ ಡಿಕ್ರಿಯಂತೆಯೇ ಜಾರಿಯಾಗುತ್ತದೆ. ಫಲಿತಾಂಶದಲ್ಲಿ ಹಿತವಿರುವವರು ತಾವೊಬ್ಬರೇ ಆರ್ಬಿಟ್ರೇಟರನ್ನು ನೇಮಿಸಲಾಗದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಕಂಪನಿ ತಾನೇ ನೇಮಿಸಿದ್ದರೆ ಆ ಆಕ್ಷೇಪವನ್ನು ಕೂಡಲೇ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು. ಆದೇಶ ಕೈಸೇರಿದ್ದರೆ ಪ್ರಶ್ನಿಸಲು ಸಿಗುವುದು ಮೂರು ತಿಂಗಳು. ಇನ್ನು ಬೀಜದ ತಕರಾರನ್ನು ಗ್ರಾಹಕ ಆಯೋಗಕ್ಕೆ ಒಯ್ಯಲು ಎರಡು ವರ್ಷದ ಅವಧಿ ಇದೆ. ಅಲ್ಲಿಯವರೆಗೆ ರಶೀದಿಯನ್ನೂ ಲಾಟ್ ನಂಬರ್ ಇರುವ ಖಾಲಿ ಪಾಕೀಟನ್ನೂ ಎಸೆಯಬಾರದು.