ಮಧುಮೇಹ ಮತ್ತು ರಕ್ತದ ಕೊಬ್ಬು

ಮಧುಮೇಹಿಯ ರಕ್ತಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ ಹೆಚ್ಚಾಗಿ ಕಂಡೊಡನೆ ಮನೆಯವರು ಆತನ ನಾಲಗೆಯನ್ನು ದೂರುವುದುಂಟು. ತುಪ್ಪವನ್ನು ತ್ಯಜಿಸಿ ವರ್ಷಗಳಾದವರೂ ಈ ಅಪವಾದಕ್ಕೆ ಗುರಿಯಾಗುತ್ತಾರೆ. ಇದು ಎಲ್ಲ ವೇಳೆಯೂ ನ್ಯಾಯವಲ್ಲ.

ರಕ್ತದಲ್ಲಿ ಸಂಚರಿಸುವ ಈ ಕೊಬ್ಬು ಆಹಾರದಿಂದ ಬರುವುದಲ್ಲದೆ, ಅನ್ನ-ಸಕ್ಕರೆಗಳ ಹೆಚ್ಚಳದಿಂದ ಯಕೃತ್ತಿನಲ್ಲಿಯೂ ತಯಾರಾಗುತ್ತದೆ. ರಕ್ತನಾಳಗಳ ಒಳಗೋಡೆಯಲ್ಲಿರುವ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವವು ಅದನ್ನು ಒಡೆಯುತ್ತದೆ. ಯಕೃತ್ತಿನಿಂದ ಹೊರಡುವ ‘ಅಪೋ ಸಿ-3’ ಎಂಬ ಪ್ರೋಟೀನು ಆ ಕೆಲಸಕ್ಕೆ ಅಡ್ಡಿ. ಅದರ ಉತ್ಪತ್ತಿಯನ್ನು ಅಂಕೆಯಲ್ಲಿಡುವುದು ಇನ್ಸುಲಿನ್. ಮಧುಮೇಹದಲ್ಲಿ ಇನ್ಸುಲಿನ್ ಕುಂದಿದಾಗ, ಇಲ್ಲವೆ ಅದರ ಆಜ್ಞೆ ನಡೆಯದಾದಾಗ, ಅಡ್ಡಿಯು ಬಲಿತು ಕೊಬ್ಬು ರಕ್ತದಲ್ಲಿಯೇ ಉಳಿಯುತ್ತದೆ.

ಜೀನುಗಳ ಪಾತ್ರಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾದ ಆಮಿಷ್ ಜನರೇ ಸಾಕ್ಷಿ. 2008ರಲ್ಲಿ ಪ್ರಕಟವಾದ ಅಧ್ಯಯನದಂತೆ, ಅವರಲ್ಲಿ ನೂರಕ್ಕೆ ಸುಮಾರು 5 ಮಂದಿಯಲ್ಲಿ ಅಪೋ ಸಿ-3 ಜೀನಿನ ಎರಡು ಪ್ರತಿಗಳ ಪೈಕಿ ಒಂದು ನಿಷ್ಕ್ರಿಯ; ಆ ಪ್ರೋಟೀನು ಅವರಿಗೆ ಅರ್ಧದಷ್ಟೇ. ಕೊಬ್ಬು ತುಂಬಿದ ಹಾಲಿನ ಪಾನೀಯವನ್ನು ಕುಡಿಸಿದಾಗಲೂ ಅವರ ಟ್ರೈಗ್ಲಿಸರೈಡ್ ಇತರರಷ್ಟು ಏರಲಿಲ್ಲ. ದೋಷವೂ ಒಮ್ಮೊಮ್ಮೆ ಉಪಕಾರಿ! ಅಪೋ ಎ-5 ಜೀನಿನ ಕೆಲವು ಭೇದಗಳಾದರೋ ಅದನ್ನು ಏರಿಸುವಂಥವು.

ಪರಿಮಾಣವು ಡೆಸಿಲೀಟರಿಗೆ 500 ಮಿಲಿಗ್ರಾಂ ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವುಂಟು. ಆಗ ಪಥ್ಯವನ್ನು ಬಿಗಿಮಾಡಿದರಷ್ಟೇ ಸಾಲದು; ವೈದ್ಯರ ಔಷಧವೂ ಬೇಕು, ಒಡಹುಟ್ಟಿದವರ ರಕ್ತಪರೀಕ್ಷೆಯೂ ಆಗುವುದು ಲೇಸು.